ಮಾತು ನಿಂತ ಮೇಲಿನ ಶಾಟ್

(ಸಾಕ್ಷ್ಯಚಿತ್ರ ಕಮ್ಮಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ತುಣುಕುಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ. ಉಳಿದಂತೆ ಮಾತಿನ ಧಾಟಿಯನ್ನು ತಿದ್ದಲು ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ.

ಡಾಕ್ಯುಮೆಂಟರಿ ಎಂಬ ಇಂಗ್ಲಿಷ್ ಪದದ ಬೇರು ಇರುವುದು ದಾಖಲೆಯಲ್ಲಿ. ಕಾಗದಪತ್ರದ ವಾಸನೆ ಅದಕ್ಕಿದೆ. ಕನ್ನಡದಲ್ಲಿ ನಾವು ಅದನ್ನು ಸಾಕ್ಷ್ಯಚಿತ್ರ ಎಂದು ಕರೆದೆವು. ಸಾಕ್ಷಿ ಎಂದರೆ ಕಣ್ಣಾರೆ ಕಂಡವರು. ಪದದ ಹೊಟ್ಟೆಯಲ್ಲೇ ‘ಅಕ್ಷಿ’ ಕುಳಿತಿದೆ. ಕಾಗದ ಎಲ್ಲೋ ಬಿದ್ದಿರುತ್ತದೆ, ಬೇಕಾದಾಗ ತೆಗೆದು ನೋಡಬಹುದು. ಸಾಕ್ಷಿ ಬರಬೇಕು, ಎದುರಿಗೆ ನಿಲ್ಲಬೇಕು, ಬಾಯಿ ಬಿಡಬೇಕು. ಬಾಯಿ ಬಿಡದೆ ಎದ್ದು ಹೋಗುವ ಹಕ್ಕೂ ಸಾಕ್ಷಿಗೆ ಇದೆ. ಸಾಮೂಹಿಕ ಹತ್ಯೆಯ ನಡುವಿನಿಂದ ಎದ್ದು ಬಂದವರನ್ನು ಕ್ಯಾಮೆರಾದ ಮುಂದೆ ಕೂರಿಸಿದಾಗ ಆ ಹಕ್ಕು ಏನಾಗುತ್ತದೆ ಎಂಬುದಷ್ಟೇ ಇವತ್ತಿನ ನನ್ನ ವಿಷಯ.

ಅವರನ್ನು ಏನೆಂದು ಕರೆಯಬೇಕು ಎಂಬಲ್ಲಿಯೇ ತೊಡಕು ಶುರುವಾಗುತ್ತದೆ. ಪತ್ರಿಕೆಗಳಲ್ಲಿ ‘ಸಂತ್ರಸ್ತರು’. ನೆರೆ ಬಂದರೂ ಸಂತ್ರಸ್ತರು, ಅಣೆಕಟ್ಟು ಕಟ್ಟಿದರೂ ಸಂತ್ರಸ್ತರು, ಊರಿಗೆ ಊರನ್ನೇ ಕೊಂದರೂ ಸಂತ್ರಸ್ತರು. ಇನ್ನೊಂದು ಪದ ‘ಬಲಿಪಶು’. ಅದರಲ್ಲಿ ಮನುಷ್ಯನೇ ಇಲ್ಲ. ಮೇಲಾಗಿ ಬಲಿ ಎಂದ ಮೇಲೆ ಯಾವುದೋ ದೇವರಿಗೆ ಸಂದಿತು ಎಂಬ ಅರ್ಥ ಬಂದೇ ಬರುತ್ತದೆ. ಪೋಲೆಂಡಿನಲ್ಲಿದ್ದ ನಾಜಿಗಳ ಕೊಲೆ ಶಿಬಿರ ಟ್ರೆಬ್ಲಿಂಕಾದಲ್ಲಿ ಸತ್ತವರು ಯಾವ ದೇವರಿಗೂ ಸಲ್ಲಲಿಲ್ಲ. ಫ್ರೆಂಚ್ ನಿರ್ದೇಶಕ ಕ್ಲೋಡ್ ಲಾಂಜ್ಮನ್ ಅವರಿಗೂ ಇದೇ ತಕರಾರಿತ್ತು. ನಾಜಿಗಳು ನಡೆಸಿದ ಯಹೂದಿ ನರಮೇಧಕ್ಕೆ ಬಳಸುವ ‘ಹೋಲೋಕಾಸ್ಟ್’ ಎಂದರೆ ಮೂಲದಲ್ಲಿ ಬೆಂಕಿಗೆ ಅರ್ಪಿಸಿದ ಆಹುತಿ. ಆ ಪದ ಬೇಡವೆಂದೇ ಅವರು ತಮ್ಮ ಚಿತ್ರಕ್ಕೆ ವಿನಾಶ ಎಂಬ ಅರ್ಥದ ‘ಶೋಆ’ ಎಂಬ ಹೀಬ್ರೂ ಪದವನ್ನು ಆರಿಸಿಕೊಂಡರು. ನಾನು ಇವತ್ತು ‘ಬದುಕುಳಿದವರು’ ಎನ್ನುತ್ತೇನೆ. ಉದ್ದವಾಯಿತು, ಆದರೆ ಅದರಲ್ಲಿ ಬದುಕು ಇದೆ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸಂಕಲನದ ಮೇಜಿನಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಬ್ಬ ಹಿರಿಯ ಹೆಂಗಸಿನ ಸಂದರ್ಶನ ನನ್ನ ಕೈಗೆ ಬಂತು. ಹಿಂಸಾಚಾರದಲ್ಲಿ ಮನೆಯವರನ್ನು ಕಳೆದುಕೊಂಡವರು. ಸಂದರ್ಶಕರು ಒಂದು ಪ್ರಶ್ನೆ ಕೇಳುತ್ತಾರೆ. ಆಕೆ ಕನ್ನಡಕ ತೆಗೆಯುತ್ತಾರೆ, ಒರೆಸುತ್ತಾರೆ, ಬೆಳಕಿಗೆ ಹಿಡಿದು ನೋಡುತ್ತಾರೆ, ಮತ್ತೆ ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ. ಆಮೇಲೆ ಉತ್ತರ. ನಡುವೆ ಮೂವತ್ತೇಳು ಸೆಕೆಂಡು. ನಾನು ಅದನ್ನು ನಾಲ್ಕಕ್ಕೆ ಇಳಿಸಿದೆ. ಜೋಡಣೆ ಕಾಣದಂತೆ ಆಕೆಯ ಕೈಯ ಕ್ಲೋಸ್‌ಅಪ್ ಒಂದನ್ನು ಮೇಲೆ ಹೊದಿಸಿದೆ. ಹಿರಿಯರು ಬೆನ್ನು ತಟ್ಟಿದರು. ಪ್ರದರ್ಶನ ಮುಗಿದ ಮೇಲೆ ಆಕೆ ನನ್ನ ಬಳಿ ಬಂದು, ‘ಆ ಪ್ರಶ್ನೆ ಕೇಳಿದಾಗ ನಾನು ಯೋಚನೆ ಮಾಡುತ್ತಾ ಕೂತಿದ್ದೆನಲ್ಲಪ್ಪ, ಅದನ್ನೆಲ್ಲಿ ಹಾಕಿದಿರಿ?’ ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ. ವಸ್ತುವೊಂದನ್ನು ಎಲ್ಲಿಟ್ಟೆ ಎಂದು ವಿಚಾರಿಸುವ ಹಾಗೆ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಇಂಥ ಯಾವ ಚಿತ್ರ ನೋಡಿದರೂ ಮಾತಿಗಿಂತ, ಮಾತು ನಿಂತಾಗ ಕ್ಯಾಮೆರಾ ಏನು ಮಾಡುತ್ತದೆ ಎಂದು ಗಮನಿಸುತ್ತೇನೆ. ಹತ್ತಿರ ಸರಿಯುತ್ತದೆಯೇ? ಸಂಗೀತ ಶುರುವಾಗುತ್ತದೆಯೇ? ಕತ್ತರಿಸಿ ಬೇರೆ ಕಡೆಗೆ ಹೋಗುತ್ತದೆಯೇ? ಸುಮ್ಮನೆ ಕಾಯುತ್ತದೆಯೇ?

ಕಾಯುವುದು ಒಳ್ಳೆಯದು, ಕತ್ತರಿಸುವುದು ಕೆಟ್ಟದ್ದು ಎಂದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ‘ಶೋಆ’ದ ಕ್ಷೌರಿಕನ ದೃಶ್ಯ ಹಾಗೆ ಮುಗಿಸಲು ಬಿಡುವುದಿಲ್ಲ.

ಹನ್ನೊಂದು ವರ್ಷದ ಕೆಲಸದ ಬಳಿಕ 1985ರಲ್ಲಿ ಹೊರಬಂದ, ಒಂಬತ್ತೂವರೆ ಗಂಟೆಯ ಚಿತ್ರ ಅದು. ಹಳೆಯ ಸಂಗ್ರಹದ ಒಂದು ತುಣುಕೂ ಅದರಲ್ಲಿಲ್ಲ. ಮುಖಗಳು, ರೈಲು ಹಳಿಗಳು, ಹುಲ್ಲು ಬೆಳೆದ ಬಯಲುಗಳು. ಅಬ್ರಹಾಂ ಬೊಂಬಾ ವೃತ್ತಿಯಿಂದ ಕ್ಷೌರಿಕ. ಟ್ರೆಬ್ಲಿಂಕಾದಲ್ಲಿ ಅನಿಲದ ಕೋಣೆಯಲ್ಲಿ ಸಾಯಲಿರುವ ಹೆಂಗಸರ ಕೂದಲನ್ನು ಕತ್ತರಿಸುವ ಕೆಲಸಕ್ಕೆ ಅವರನ್ನು ಹಚ್ಚಿದ್ದರು. ಚಿತ್ರೀಕರಣದ ಹೊತ್ತಿಗೆ ಅವರು ಆ ವೃತ್ತಿಯಿಂದ ನಿವೃತ್ತರಾಗಿದ್ದರು. ಲಾಂಜ್ಮನ್ ಇಸ್ರೇಲಿನಲ್ಲಿ ಒಂದು ಕ್ಷೌರದಂಗಡಿಯನ್ನು ಬಾಡಿಗೆಗೆ ಪಡೆದರು. ಬೊಂಬಾ ಅವರ ಕೈಗೆ ಕತ್ತರಿ ಬಾಚಣಿಗೆ ಬಂತು. ಕುರ್ಚಿಯಲ್ಲಿ ಕೂತದ್ದು ಅವರ ಪರಿಚಿತರೊಬ್ಬರು. ಸುತ್ತ ಕನ್ನಡಿಗಳು. ಕತ್ತರಿ ಆಡುತ್ತಲೇ ಇರುತ್ತದೆ, ಕೂದಲು ಮಾತ್ರ ಅಷ್ಟಾಗಿ ಬೀಳುವುದಿಲ್ಲ. ನಿಜವಾಗಿ ಕತ್ತರಿಸಿದ್ದರೆ ಆ ಹೊತ್ತಿಗೆ ತಲೆ ಬೋಳಾಗಿರುತ್ತಿತ್ತು.

ಬೊಂಬಾ ಮೊದಮೊದಲು ಒಣದನಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಎಷ್ಟು ಕ್ಷೌರಿಕರು, ಒಬ್ಬೊಬ್ಬರಿಗೆ ಎಷ್ಟು ಹೊತ್ತು, ಬೆಂಚುಗಳು ಹೇಗಿದ್ದವು. ಆಮೇಲೆ ತಮ್ಮ ಊರಿನ ಇನ್ನೊಬ್ಬ ಕ್ಷೌರಿಕ ಗೆಳೆಯನ ವಿಷಯಕ್ಕೆ ಬರುತ್ತಾರೆ. ಒಂದು ದಿನ ಆತನ ಹೆಂಡತಿ ಮತ್ತು ತಂಗಿ ಆ ಕೋಣೆಗೆ ಬಂದರು. ಅಲ್ಲಿಗೆ ಮಾತು ನಿಲ್ಲುತ್ತದೆ. ಕತ್ತರಿ ಇನ್ನೂ ಸ್ವಲ್ಪ ಆಡುತ್ತದೆ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಗುವುದಿಲ್ಲ, ಬೇಡ ಎನ್ನುತ್ತಾರೆ. ಕ್ಯಾಮೆರಾ ನಿಲ್ಲುವುದಿಲ್ಲ. ಹೇಳಲೇಬೇಕು, ಅದು ನಿಮಗೂ ಗೊತ್ತು ಎಂದು ಲಾಂಜ್ಮನ್ ಚಿತ್ರದ ಹೊರಗಿನಿಂದ ಒತ್ತಾಯಿಸುತ್ತಾರೆ. ಕೊನೆಗೆ ಬೊಂಬಾ ಹೇಳುತ್ತಾರೆ.

ಮೊದಲ ಸಲ ನೋಡಿದಾಗ ಸಿನಿಮಾದಲ್ಲಿ ಇದಕ್ಕಿಂತ ದೊಡ್ಡದು ಇನ್ನೇನಿದೆ ಎನಿಸಿತ್ತು. ಎರಡನೆಯ ಸಲ ನೋಡಿದಾಗ ಲಾಂಜ್ಮನ್ ಮೇಲೆ ಸಿಟ್ಟು ಬಂತು. ಮನುಷ್ಯ ಬೇಡ ಎಂದ ಮೇಲೆ ಬೇಡ, ಅಷ್ಟೇ ತಾನೇ? ಕತ್ತರಿಯನ್ನು ಕೈಗೆ ಕೊಟ್ಟದ್ದೇ ಒಂದು ಬಲೆ: ತಲೆ ಮರೆಯಲು ಯತ್ನಿಸಿದ್ದನ್ನು ಕೈ ನೆನಪಿಸಿಕೊಡಲಿ ಎಂಬ ಹೂಟ. ಇನ್ನೂ ಒಂದೆರಡು ಸಲ ನೋಡಿದ ಮೇಲೆ ಬೇರೆಯದೊಂದು ಕಂಡಿತು. ಈ ಪ್ರಸಂಗ ಕಷ್ಟವಾಗುತ್ತದೆ ಎಂದು ನಿಮಗೆ ಮೊದಲೇ ಹೇಳಿದ್ದೆನಲ್ಲ ಎಂಬ ಮಾತು ಆ ತೊದಲಿನ ನಡುವೆ ಬೊಂಬಾ ಅವರ ಬಾಯಿಂದಲೇ ಬರುತ್ತದೆ. ಅಂದರೆ ಇಬ್ಬರ ನಡುವೆ ಮೊದಲೇ ಮಾತುಕತೆ ಆಗಿದೆ. ಎಲ್ಲಿ ಎಡವುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದರು. ಇದರಿಂದ ಲಾಂಜ್ಮನ್ ಮೇಲಿನ ನನ್ನ ಸಿಟ್ಟು ಪೂರ್ತಿ ಇಳಿದಿಲ್ಲ. ಆದರೆ ಬೊಂಬಾ ಅವರನ್ನು ಕೇವಲ ಹಿಂಸೆಗೊಳಗಾದವರು ಎಂದು ನೋಡುವುದನ್ನು ನಿಲ್ಲಿಸಿದೆ. ಆ ಒಪ್ಪಂದದಲ್ಲಿ ಅವರೂ ಒಬ್ಬ ಪಾಲುದಾರರು.

ಅದೇ ಚಿತ್ರದ ಇನ್ನೊಂದು ದೃಶ್ಯ ನನಗೆ ಹೆಚ್ಚು ಪ್ರಿಯ, ಅದರ ಬಗ್ಗೆ ಮಾತಾಡುವವರು ಕಡಿಮೆ. ಪೋಲೆಂಡಿನ ಖೆಲ್ಮ್ನೊ ಎಂಬ ಹಳ್ಳಿಯ ಚರ್ಚಿನ ಬಾಗಿಲು. ಹಬ್ಬದ ದಿನ. ಸಿಮೋನ್ ಸ್ರೆಬ್ನಿಕ್ ನಡುವೆ ನಿಂತಿದ್ದಾರೆ. ಆ ಹಳ್ಳಿಯಲ್ಲಿ ನಡೆದ ಹತ್ಯೆಗಳಿಂದ ಪಾರಾದ ಬೆರಳೆಣಿಕೆಯ ಜನರಲ್ಲಿ ಒಬ್ಬರು. ಆಗ ಹದಿಮೂರು ವರ್ಷದ ಹುಡುಗ. ಹಳ್ಳಿಗರು ಸುತ್ತುವರಿದಿದ್ದಾರೆ. ಅವರನ್ನು ಕಂಡು ಜನರಿಗೆ ನಿಜಕ್ಕೂ ಖುಷಿ. ಹುಡುಗನಾಗಿದ್ದಾಗ ಹೇಗಿದ್ದ, ಎಷ್ಟು ಚೆನ್ನಾಗಿ ಹಾಡುತ್ತಿದ್ದ ಎಂದು ಒಬ್ಬರ ಮೇಲೊಬ್ಬರು ಹೇಳುತ್ತಾರೆ. ಮಾತು ಮೆಲ್ಲಗೆ ಹೊರಳುತ್ತದೆ. ಯಹೂದಿಗಳ ಬಳಿ ಚಿನ್ನವಿತ್ತು ಎನ್ನುತ್ತಾರೆ ಒಬ್ಬರು. ಅವರಿಗೆ ಈ ಗತಿ ಬಂದದ್ದು ಕ್ರಿಸ್ತನನ್ನು ಕೊಲ್ಲಿಸಿದ್ದಕ್ಕೆ ಎಂಬಲ್ಲಿಗೆ ಇನ್ನೊಬ್ಬರ ಕತೆ ಹೋಗಿ ಮುಟ್ಟುತ್ತದೆ. ಇಡೀ ಹೊತ್ತು ಸ್ರೆಬ್ನಿಕ್ ಒಂದು ಮಾತೂ ಆಡದೆ, ತುಟಿಯ ಮೇಲೆ ಸಣ್ಣ ನಗು ಇಟ್ಟುಕೊಂಡು ನಿಂತಿರುತ್ತಾರೆ. ಕ್ಯಾಮೆರಾ ಮಾತಾಡುವವರನ್ನು ಬಿಟ್ಟು ಅವರ ಮುಖದತ್ತ ಸರಿಯುತ್ತದೆ. ನಿರೂಪಕನ ದನಿಯಿಲ್ಲ, ವಿವರಣೆಯಿಲ್ಲ. ಅವರನ್ನು ಅಳಿಸಬೇಕಾಗಿಯೂ ಬರಲಿಲ್ಲ. ಕ್ಯಾಮೆರಾವನ್ನು ಯಾರ ಕಡೆಗೆ ತಿರುಗಿಸಬೇಕು ಎಂಬ ಆಯ್ಕೆಯೊಂದರಿಂದಲೇ ಎಲ್ಲವೂ ಆಗಿಬಿಟ್ಟಿತು.

ಇಷ್ಟು ಸಮಯ ಕೊಡಲು ಎಲ್ಲರಿಗೂ ಆಗುವುದಿಲ್ಲ ಎನ್ನುವುದು ನಿಜ. ಅದಕ್ಕೆ ಇನ್ನೊಂದು ದಾರಿ ಹುಟ್ಟಿಕೊಂಡಿತು, ಸಾಕ್ಷ್ಯಗಳ ಭಂಡಾರ. 1979ರಲ್ಲಿ ಅಮೆರಿಕದ ನ್ಯೂ ಹೇವನ್‌ನಲ್ಲಿ ಶುರುವಾದ ವಿಡಿಯೊ ಸಂಗ್ರಹ ಮುಂದೆ ಯೇಲ್ ವಿಶ್ವವಿದ್ಯಾಲಯ ಸೇರಿತು. ಸ್ಟೀವನ್ ಸ್ಪೀಲ್‌ಬರ್ಗ್ 1994ರಲ್ಲಿ ಕಟ್ಟಿದ ಪ್ರತಿಷ್ಠಾನ 50,000ಕ್ಕೂ ಹೆಚ್ಚು ಸಾಕ್ಷ್ಯಗಳನ್ನು ದಾಖಲಿಸಿದೆ. ಅದರ ಕ್ರಮ ಸರಳ: ಮನೆಯಲ್ಲೇ ಕೂರಿಸಿ, ಬಾಲ್ಯದಿಂದ ಇಂದಿನವರೆಗೆ ಸಾಲಾಗಿ ಕೇಳಿ, ಕೊನೆಗೆ ಫೋಟೊಗಳನ್ನು ತೋರಿಸಿ, ಸಾಧ್ಯವಿದ್ದರೆ ಮಕ್ಕಳು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸುವುದು. ಆ ಕೆಲಸದ ಬಗ್ಗೆ ನನಗೆ ಗೌರವವಿದೆ. ಆ ಕೊನೆಯ ಚೌಕಟ್ಟಿನ ಬಗ್ಗೆ ಮಾತ್ರ ಗೊಣಗಾಟವಿದೆ. ಮೊಮ್ಮಕ್ಕಳು ಬಂದು ಕೂತರೆ ಕತೆ ದಡ ಮುಟ್ಟಿದಂತೆ ಕಾಣುತ್ತದೆ. ಪಕ್ಕದಲ್ಲಿ ಕೂರಲು ಯಾರೂ ಇಲ್ಲದವರ ಕತೆ?

ನ್ಯೂ ಹೇವನ್‌ನ ಸಂಗ್ರಹವನ್ನು ಆರಂಭಿಸಿದವರಲ್ಲಿ ಒಬ್ಬರಾದ ಮನೋವೈದ್ಯ ಡೋರಿ ಲೌಬ್, ಬಾಲ್ಯದಲ್ಲಿ ಸ್ವತಃ ಶಿಬಿರದಿಂದ ಪಾರಾಗಿ ಬಂದವರು. ಅವರು ಬರೆದ ಒಂದು ಪ್ರಸಂಗವನ್ನು ಈ ಕ್ಷೇತ್ರದವರೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತಾರೆ. 1944ರ ಅಕ್ಟೋಬರ್‌ನಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕೈದಿಗಳು ದಂಗೆ ಎದ್ದುದನ್ನು ಕಂಡ ಹೆಂಗಸೊಬ್ಬರು, ಹೆಣ ಸುಡುವ ಕಟ್ಟಡಗಳ ನಾಲ್ಕು ಚಿಮಣಿಗಳು ಒಮ್ಮೆಲೇ ಸ್ಫೋಟಿಸಿ ಬೆಂಕಿ ಎದ್ದಿತು ಎಂದರು. ಆಗ ನಾಶವಾದದ್ದು ಒಂದೇ ಎಂಬುದು ಇತಿಹಾಸಕಾರರ ವಾದ. ಹಾಗಾಗಿ ಇದು ನಂಬಲರ್ಹವಲ್ಲ ಎಂದರು. ಆಕೆ ಹೇಳುತ್ತಿರುವುದು ಚಿಮಣಿಯ ಲೆಕ್ಕವಲ್ಲ, ಊಹಿಸಲೂ ಆಗದ ಒಂದು ಸಂಗತಿ ಕಣ್ಣೆದುರು ನಡೆದುಹೋಯಿತು ಎಂಬುದನ್ನು ಎಂದರು ಲೌಬ್. ಇಬ್ಬರೂ ಸರಿ. ಸಂಕಲನಕಾರರಿಗೆ ಇದು ದೊಡ್ಡ ಪರೀಕ್ಷೆ. ‘ನಾಲ್ಕು’ ಎಂದದ್ದನ್ನು ಕತ್ತರಿಸಿದರೆ ಚಿತ್ರ ನಿಖರವಾಗುತ್ತದೆ, ಆಕೆ ಹೋಗಿಬಿಡುತ್ತಾರೆ. ಹಾಗೇ ಇಟ್ಟರೆ ಅಲ್ಲಗಳೆಯಲು ಕಾದು ಕೂತವರ ಕೈಗೆ ಕಲ್ಲು ಕೊಟ್ಟಂತೆ. ನಾನಾದರೆ ಇಟ್ಟು, ನಿಜವಾದ ಲೆಕ್ಕವನ್ನು ಪರದೆಯ ಮೇಲೆ ಬರಹದಲ್ಲಿ ಹಾಕುತ್ತೇನೆ. ಸೊಗಸಾಗಿ ಕಾಣುವುದಿಲ್ಲ. ಕಾಣದಿದ್ದರೆ ಬೇಡ.

ಸರಿ, ಇವರೆಲ್ಲ ಬದುಕುಳಿದವರು. ಸತ್ತವರ ಚಿತ್ರ ಯಾರ ಬಳಿ ಇದೆ? ಬಹಳ ಸಲ ಕೊಂದವರ ಬಳಿ. ಈ ಸಂಗತಿ ನೋಡುಗರಿಗೆ ಥಟ್ಟನೆ ಹೊಳೆಯುವುದಿಲ್ಲ. ಕಪ್ಪುಬಿಳುಪಿನ ದೃಶ್ಯ ಬಂದ ಕೂಡಲೇ ಇದು ‘ಇತಿಹಾಸ’ ಎಂದುಕೊಳ್ಳುತ್ತೇವೆ, ಕ್ಯಾಮೆರಾದ ಹಿಂದೆ ಯಾರ ಕಣ್ಣಿತ್ತು ಎಂದು ಕೇಳುವುದಿಲ್ಲ.

ನೆದರ್ಲೆಂಡ್ಸಿನ ವೆಸ್ಟರ್‌ಬೋರ್ಕ್ ಶಿಬಿರದಿಂದ ಆಶ್ವಿಟ್ಜ್‌ಗೆ ಹೊರಟ ರೈಲಿನ ಬಾಗಿಲಿನ ಸಂದಿಯಿಂದ ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಹುಡುಗಿ ಹೊರಗೆ ನೋಡುತ್ತಾಳೆ. ಕೆಲವೇ ಸೆಕೆಂಡುಗಳ ಶಾಟ್. ತೆಗೆದದ್ದು ಶಿಬಿರದ ಅಧಿಕಾರಿಯ ಆಜ್ಞೆಯಂತೆ, ಅಲ್ಲೇ ಕೈದಿಯಾಗಿದ್ದ ರುಡಾಲ್ಫ್ ಬ್ರೆಸ್ಲೌವರ್. ಮುಂದೆ ಅವರನ್ನೂ ಆಶ್ವಿಟ್ಜ್‌ಗೆ ಸಾಗಿಸಲಾಯಿತು, ಅವರು ಉಳಿಯಲಿಲ್ಲ. ಯುದ್ಧ ಮುಗಿದು ದಶಕಗಳ ಕಾಲ ಆ ಹುಡುಗಿಯ ಮುಖ ಅಸಂಖ್ಯ ಚಿತ್ರಗಳಲ್ಲಿ, ಪುಸ್ತಕಗಳಲ್ಲಿ ಯಹೂದಿ ನರಮೇಧದ ಸಂಕೇತವಾಗಿ ಓಡಾಡಿತು. ಡಚ್ ಪತ್ರಕರ್ತರೊಬ್ಬರು ಬೆನ್ನುಹತ್ತಿ 1994ರಲ್ಲಿ ಗುರುತು ಪತ್ತೆಹಚ್ಚಿದರು: ಸೆಟೆಲಾ ಸ್ಟೈನ್‌ಬಾಕ್, ಸಿಂಟಿ ಅಲೆಮಾರಿ ಸಮುದಾಯದ ಒಂಬತ್ತು ವರ್ಷದ ಹುಡುಗಿ. ರೈಲು ಹೊರಟದ್ದು 1944ರ ಮೇ 19ರಂದು. ಸಂಕೇತವಾದ ಕೂಡಲೇ ಹೆಸರು ಕೇಳುವುದನ್ನು ಜನ ಬಿಟ್ಟುಬಿಟ್ಟಿದ್ದರು. ಆಕೆಯ ಸಮುದಾಯದ ಸಾವು ಆಕೆಯ ಮುಖದ ಹಿಂದೆಯೇ ಐವತ್ತು ವರ್ಷ ಅಡಗಿ ಕೂತಿತು.

ಜರ್ಮನ್ ನಿರ್ದೇಶಕ ಹರೂನ್ ಫರೋಕಿ 2007ರಲ್ಲಿ ಇದೇ ದೃಶ್ಯಾವಳಿಯಿಂದ ಒಂದು ಚಿತ್ರ ಮಾಡಿದರು. ಸದ್ದೇ ಇಲ್ಲ. ಮೂಕಿ ಚಿತ್ರಗಳಲ್ಲಿ ಬರುತ್ತಿತ್ತಲ್ಲ, ಹಾಗೆ ನಡುನಡುವೆ ಬರಹ ಮಾತ್ರ. ಇಲ್ಲಿ ನೋಡಿ, ಈಗ ಅದನ್ನೇ ಮತ್ತೊಮ್ಮೆ ನೋಡಿ ಎನ್ನುವ ಧಾಟಿ. ಅದಕ್ಕೆ ಮೂರು ವರ್ಷದ ಬಳಿಕ ಇಸ್ರೇಲಿನ ನಿರ್ದೇಶಕಿ ಯಾಯೆಲ್ ಹರ್ಸೋನ್ಸ್ಕಿ ಇನ್ನೊಂದು ಉಪಾಯ ಮಾಡಿದರು. 1942ರ ಮೇ ತಿಂಗಳಲ್ಲಿ ನಾಜಿ ತಂಡವೊಂದು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೊದಲ್ಲಿ ತೆಗೆದು ಅರ್ಧಕ್ಕೆ ಬಿಟ್ಟ ಪ್ರಚಾರ ಚಿತ್ರದ ಸುರುಳಿಗಳಿದ್ದವು. ಅದರಲ್ಲಿನ ಎಷ್ಟೋ ದೃಶ್ಯಗಳು ಕಟ್ಟಿಸಿದವು ಎಂಬುದು, ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೆಗೆದ ಟೇಕ್‌ಗಳು ಆಮೇಲೆ ಸಿಕ್ಕಾಗ ಬಯಲಾಯಿತು. ಹರ್ಸೋನ್ಸ್ಕಿ ಅದನ್ನು ಘೆಟ್ಟೊದಲ್ಲಿ ಬದುಕುಳಿದ ವೃದ್ಧರಿಗೆ ಕತ್ತಲ ಚಿತ್ರಮಂದಿರದಲ್ಲಿ ಒಬ್ಬೊಬ್ಬರಿಗೇ ತೋರಿಸಿ, ನೋಡುತ್ತಿರುವ ಅವರ ಮುಖವನ್ನು ಚಿತ್ರಿಸಿದರು. ಈ ಜನರ ನಡುವೆ ನನ್ನ ತಾಯಿ ನಡೆದುಹೋಗುವುದು ಕಂಡುಬಿಟ್ಟರೆ ಎಂದು ಒಬ್ಬರು ಅಂಜುತ್ತಾರೆ. ಹೆಣಗಳ ದೃಶ್ಯ ಬಂದಾಗ ಒಬ್ಬರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಅಂದು ಕೊಂದವರು ತೆಗೆದ ಚಿತ್ರಕ್ಕೆ ಇಂದು ನೋಡುವವರ ಯಜಮಾನಿಕೆ. ಇದು ಸುಳ್ಳು, ಹೀಗಿರಲಿಲ್ಲ ಎನ್ನುವ ಅಧಿಕಾರ ಅವರ ಕೈಗೆ ಬಂತು.

ಇನ್ನು ಮರುನಟನೆ. ಇದರ ಹೆಸರೆತ್ತಿದರೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ, ಟಿವಿಯ ಅಪರಾಧ ಕಾರ್ಯಕ್ರಮಗಳ ಪುಣ್ಯ. ಕಾಂಬೋಡಿಯಾದ ನಿರ್ದೇಶಕ ರಿತಿ ಪಾನ್ ಅದನ್ನು ಬಳಸಿದ ರೀತಿಯೇ ಬೇರೆ. ಖಮೇರ್ ರೂಜ್ ಆಡಳಿತದಲ್ಲಿ, 1975ರಿಂದ 1979ರ ನಡುವೆ, ಹುಡುಗನಾಗಿದ್ದಾಗಲೇ ಅಪ್ಪ ಅಮ್ಮನನ್ನು ಕಳೆದುಕೊಂಡವರು ಅವರು. 2003ರ ಅವರ ಚಿತ್ರ ನಾಮ್ ಪೆನ್ ನಗರದ ಎಸ್-21 ಸೆರೆಮನೆಯ ಬಗ್ಗೆ. ಅಲ್ಲಿಗೆ ಹೋದವರು 12,000ಕ್ಕೂ ಹೆಚ್ಚು, ಉಳಿದವರು ಬೆರಳೆಣಿಕೆ. ಆ ಆಡಳಿತದ ನಾಯಕ ಪೋಲ್ ಪಾಟ್‌ನ ಭಾವಚಿತ್ರ ಬರೆಯಬಲ್ಲರೆಂಬ ಕಾರಣಕ್ಕೆ ಉಳಿದ ಚಿತ್ರಕಾರ ವಾನ್ ನಾಥ್, ತಮ್ಮನ್ನು ಕಾಯುತ್ತಿದ್ದವರ ಎದುರು ಕುಳಿತು ಪ್ರಶ್ನೆ ಕೇಳುತ್ತಾರೆ. ದನಿ ಏರಿಸುವುದಿಲ್ಲ.

ಆದರೆ ನೀವು ನೋಡಬೇಕಾದದ್ದು ಒಬ್ಬ ಮಾಜಿ ಕಾವಲುಗಾರನ ದೃಶ್ಯ. ಖಾಲಿ ಕೋಣೆ. ಆತ ಅಂದಿನ ದಿನಚರಿಯನ್ನು ಮಾಡಿ ತೋರಿಸುತ್ತಾನೆ. ಬೀಗ ಅಲುಗಿಸಿ ನೋಡುತ್ತಾನೆ, ಇಲ್ಲದ ಕೈದಿಗೆ ಗದರುತ್ತಾನೆ, ಇನ್ನೊಬ್ಬನಿಗೆ ಡಬ್ಬಿ ತಂದುಕೊಡುತ್ತಾನೆ. ಮೈಗೆ ಪಾಠ ಬಾಯಿಗಿಂತ ಚೆನ್ನಾಗಿ ನೆನಪಿದೆ. ಆತ ಕೋಣೆಯ ಒಳಗೆ ಹೋದಾಗ ಕ್ಯಾಮೆರಾ ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಹೋಗಿದ್ದರೆ ನೆಲದ ಮೇಲೆ ಮಲಗಿದ್ದ ಕೈದಿಗಳನ್ನು ತುಳಿದಂತಾಗುತ್ತಿತ್ತು ಎಂಬರ್ಥದ ಮಾತನ್ನು ಪಾನ್ ಆಮೇಲೆ ಹೇಳಿದ್ದಾರೆ. ಖಾಲಿ ನೆಲ ಅದು. ಆ ಹೊಸ್ತಿಲನ್ನು ನಾನು ಪಾಠ ಹೇಳುವಲ್ಲೆಲ್ಲ ತೋರಿಸುತ್ತೇನೆ. ಹತ್ತು ವರ್ಷದ ಬಳಿಕ ತಮ್ಮದೇ ಕುಟುಂಬದ ಕತೆ ಹೇಳುವಾಗ ಪಾನ್ ನಟರನ್ನೂ ಬಿಟ್ಟರು, ಮಣ್ಣಿನ ಬೊಂಬೆಗಳನ್ನು ಮಾಡಿಸಿದರು. ಅವು ಕದಲುವುದಿಲ್ಲ. ಹಸಿದ ಮಗುವಿನ ಬೊಂಬೆ ಹಾಗೇ ಕೂತಿರುತ್ತದೆ, ಕ್ಯಾಮೆರಾ ಅದರ ಸುತ್ತ ನಡೆದಾಡುತ್ತದೆ.

ಇಂಡೊನೇಷ್ಯಾದ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ, ಏಕೆಂದರೆ ಜಾಶುವಾ ಒಪನ್‌ಹೈಮರ್ ಅವರ ಚಿತ್ರಗಳನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ಕಮ್ಯುನಿಸ್ಟರೆಂದು ಆರೋಪಿಸಿ ನಡೆಸಿದ 1965-66ರ ಹತ್ಯೆಗಳ ಬಗ್ಗೆ ಅವರ ಮೊದಲ ಚಿತ್ರ ಕೊಂದವರದು, 2014ರ ಎರಡನೆಯದು ಕಳೆದುಕೊಂಡವರದು. ಮೊದಲನೆಯದರ ಕೊನೆಯಲ್ಲಿ ಕೆಲಸ ಮಾಡಿದವರ ಪಟ್ಟಿ ಬರುತ್ತದಲ್ಲ, ಅಲ್ಲಿ ‘ಅನಾಮಧೇಯ’ ಎಂಬುದು ಸಾಲು ಸಾಲಾಗಿ ಬರುತ್ತದೆ. ಎರಡನೆಯದರಲ್ಲಿ ಕನ್ನಡಕ ಪರೀಕ್ಷಕನಾದ ತಮ್ಮ, ತಾನು ಹುಟ್ಟುವ ಮೊದಲೇ ಅಣ್ಣನನ್ನು ಕೊಂದವರ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇಟ್ಟು, ಗಾಜು ಬದಲಿಸುತ್ತಾ, ಈಗ ಹೇಗೆ ಕಾಣುತ್ತದೆ ಎನ್ನುತ್ತಲೇ ಆ ದಿನದ ಬಗ್ಗೆ ಕೇಳುತ್ತಾನೆ. ಬೊಂಬಾ ಅವರ ಕತ್ತರಿ ನೆನಪಾಗುತ್ತದೆ. ಇಲ್ಲಿ ಉಪಕರಣ ಪ್ರಶ್ನೆ ಕೇಳುವವನ ಕೈಯಲ್ಲಿದೆ, ವ್ಯತ್ಯಾಸ ಇಷ್ಟೇ. ಚಿತ್ರ ಹೊರಬರುವ ಹೊತ್ತಿಗೆ ಆತನ ಕುಟುಂಬ ಊರು ಬಿಟ್ಟು ಬೇರೆಡೆ ನೆಲೆಸಬೇಕಾಯಿತು.

ಹಿನ್ನೆಲೆ ಸಂಗೀತದ ಬಗ್ಗೆ ಹೇಳುತ್ತಾ ಹೋದರೆ ಸಂಜೆಯಾದೀತು. ಒಂದೇ ಮಾತು. ಎದುರಿಗೆ ಮನುಷ್ಯರು ತಮ್ಮ ಮಗುವಿನ ಸಾವನ್ನು ಹೇಳುತ್ತಿರುವಾಗ ಕೆಳಗಿನಿಂದ ಪಿಟೀಲು ಎದ್ದುಬಂದರೆ, ನಿರ್ದೇಶಕರಿಗೆ ಆ ಮಾತಿನ ಮೇಲೆ ನಂಬಿಕೆ ಇಲ್ಲ ಎಂದೇ ನಾನು ತಿಳಿಯುತ್ತೇನೆ.

ಕೊನೆಗೆ ಸಬ್‌ಟೈಟಲ್. ಇದನ್ನು ತಂತ್ರ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಸ್ರೇಲಿನ ಅರಿ ಫೋಲ್ಮನ್ 2008ರಲ್ಲಿ ಮಾಡಿದ ಅನಿಮೇಶನ್ ಸಾಕ್ಷ್ಯಚಿತ್ರ ‘ವಾಲ್ಟ್ಸ್ ವಿತ್ ಬಶೀರ್’ ನಿಮಗೆ ಗೊತ್ತಿರಬಹುದು. 1982ರ ಲೆಬನಾನ್ ಯುದ್ಧದಲ್ಲಿದ್ದ ಸೈನಿಕ ತನ್ನ ಮರೆತುಹೋದ ನೆನಪನ್ನು ಹುಡುಕಿಕೊಂಡು ಹೋಗುವ ಕತೆ. ಇಡೀ ಚಿತ್ರ ಬಿಡಿಸಿದ್ದು. ಕಡೆಯಲ್ಲಿ ಮಾತ್ರ ಥಟ್ಟನೆ ನಿಜವಾದ ವಿಡಿಯೊ ಬರುತ್ತದೆ: ಆ ಸೆಪ್ಟೆಂಬರ್‌ನಲ್ಲಿ ಬೈರೂತ್‌ನ ಪ್ಯಾಲೆಸ್ಟೀನಿ ನಿರಾಶ್ರಿತರು ನೆಲೆಸಿದ್ದ ಸಬ್ರಾ ಮತ್ತು ಶತೀಲಾದಲ್ಲಿ ನಡೆದ ಹತ್ಯಾಕಾಂಡದ ನಂತರದ ಬೀದಿಗಳು, ಗೋಳಿಡುವ ಹೆಂಗಸರು. ಈ ಜಿಗಿತವನ್ನು ಎಷ್ಟೋ ಜನ ಹೊಗಳಿದ್ದಾರೆ. ಗೆರೆಯಿಂದ ಮೈಮಾಂಸಕ್ಕೆ ಬರುವ ಆ ಕ್ಷಣ ಎದೆಗೆ ಗುದ್ದುತ್ತದೆ, ಅದನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಒಬ್ಬ ಹೆಂಗಸು ಕ್ಯಾಮೆರಾದತ್ತ ತಿರುಗಿ ಅರೇಬಿಕ್‌ನಲ್ಲಿ ಏನೋ ಕೂಗುತ್ತಾರೆ. ಚಿತ್ರದುದ್ದಕ್ಕೂ ಸೈನಿಕರ ಹೀಬ್ರೂ ಮಾತಿಗೆ ಸಬ್‌ಟೈಟಲ್ ಇತ್ತು. ಈ ಮಾತಿಗೆ ಇಲ್ಲ.

ನಾನು ಮೂರು ಸಲ ಆ ಚಿತ್ರ ನೋಡಿದ್ದೆ. ಮೂರು ಸಲವೂ ಅದನ್ನು ಬರೀ ಗೋಳು ಎಂದೇ ಕೇಳಿಸಿಕೊಂಡಿದ್ದೆ. ನಾಲ್ಕನೆಯ ಸಲ ಅರೇಬಿಕ್ ಬಲ್ಲ ಸ್ನೇಹಿತರೊಬ್ಬರು ಪಕ್ಕದಲ್ಲಿದ್ದರು. ಅವರು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದರು. ನನ್ನ ಮಗ, ನನ್ನ ಮಗ. ಎಲ್ಲಿದ್ದಾರೆ ಅರಬರು? ಫೋಟೊ ತೆಗೆಯಿರಿ, ಫೋಟೊ ತೆಗೆಯಿರಿ.

ಆ ತುಣುಕಿಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕಿಕೊಂಡು ಬಂದಿದ್ದೇನೆ. ಹೆಚ್ಚು ಹೊತ್ತಿಲ್ಲ. ದೀಪ ಆರಿಸಿದರೆ ತೋರಿಸುತ್ತೇನೆ.